ಧ್ವನಿ ಪ್ರಯೋಗದ ಸೆಟ್: ಫೋರ್ಕ್ ಕೊಳ್ಳಿ, ಟ್ಯೂಬ್ ಕೊಳ್ಳಿ, ಸೋನೋಮೀಟರ್ ಬಿಡಿ

ಪ್ರೌಢಶಾಲೆ ಮತ್ತು ಪಿಯು ಕಾಲೇಜಿನ ಲ್ಯಾಬಿಗೆಂದು ಮಾರುವ ಧ್ವನಿ ಪ್ರಯೋಗದ ಸೆಟ್‌ಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಎಂಟು ಟ್ಯೂನಿಂಗ್ ಫೋರ್ಕ್, ಒಂದು ರಬ್ಬರ್ ಸುತ್ತಿಗೆ, ಒಂದು ಮೀಟರ್ ಉದ್ದದ ಸೋನೋಮೀಟರ್ (ಟೊಳ್ಳು ಪೆಟ್ಟಿಗೆಯ ಮೇಲೆ ತಂತಿ ಬಿಗಿದ ಸಾಧನ), ಹ್ಯಾಂಗರ್ ಜೊತೆ ಅರ್ಧ ಅರ್ಧ ಕಿಲೋದ ತೂಕಗಳು, ಗಾಜಿನ ರೆಸೊನೆನ್ಸ್ ಟ್ಯೂಬ್, ಒಂದು ಸ್ಲಿಂಕಿ. ದೇಶದ ಲ್ಯಾಬ್ ಸಾಮಾನಿನಲ್ಲಿ ದೊಡ್ಡ ಪಾಲು ಹರಿಯಾಣದ ಅಂಬಾಲಾದಿಂದ ಬರುತ್ತದೆ. ಅಲ್ಲಿನ ಒಣಹವೆಯಲ್ಲಿ ಚೆನ್ನಾಗಿರುವ ಪೆಟ್ಟಿಗೆ ಕಾರವಾರದ ಕಡಲ ಬದಿಯಲ್ಲಿ ಎರಡು ಮಳೆಗಾಲ ಕಳೆದ ಮೇಲೆ ಹೇಗಿರುತ್ತದೆ ಎಂಬುದು ಕ್ಯಾಟಲಾಗ್‌ನಲ್ಲಿ ಇರುವುದಿಲ್ಲ. ಈ ವಿಮರ್ಶೆ ಅದರ ಬಗ್ಗೆ. ತಯಾರಕರ ಹೆಸರು ಬೇಕಿಲ್ಲ, ಏಕೆಂದರೆ ಇಲ್ಲಿ ಹೇಳುವ ದೋಷಗಳು ಈ ಬೆಲೆಯ ಯಾವ ಸೆಟ್‌ನಲ್ಲಾದರೂ ಸಿಗುವಂಥವು.

ತೀರ್ಪು ಮೊದಲೇ ಹೇಳಿಬಿಡೋಣ. ಫೋರ್ಕ್‌ಗಳು ಕೊಟ್ಟ ದುಡ್ಡಿಗೆ ಮೋಸವಿಲ್ಲ. ಟ್ಯೂಬ್ ಒಳ್ಳೆಯದು, ಆದರೆ ಅದರ ಜೊತೆ ಬರುವ ಸೂಚನೆಯ ಹಾಳೆ ನಮ್ಮ ಹವೆಗೆ ಹೊಂದುವುದಿಲ್ಲ. ಸೋನೋಮೀಟರ್ ಕರಾವಳಿಗೆ ತಕ್ಕ ವಸ್ತುವಲ್ಲ. ಸೆಟ್ ಒಟ್ಟಿಗೆ ಕೊಂಡರೆ ಅಗ್ಗ ಎಂದು ಏಜೆಂಟರು ಹೇಳುತ್ತಾರೆ, ಆದರೆ ಹಾಳಾಗುವ ಭಾಗಕ್ಕೇ ಹೆಚ್ಚು ದುಡ್ಡು ಹೋಗುವುದರಿಂದ ಬಿಡಿಬಿಡಿಯಾಗಿ ತರಿಸುವುದೇ ಲೇಸು.

ಫೋರ್ಕ್‌ಗಳಿಂದ ಶುರು ಮಾಡೋಣ. ಎಂಟರ ಮೇಲೂ ಆವೃತ್ತಿ, ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬುದು, ಅಚ್ಚೊತ್ತಿರುತ್ತದೆ: 256, 288, 320, 341.3, 384, 426.6, 480, 512 ಹರ್ಟ್ಜ್. ಇವು ಸುಮ್ಮನೆ ಆರಿಸಿದ ಸಂಖ್ಯೆಗಳಲ್ಲ. 256ನ್ನು ಷಡ್ಜವೆಂದು ಇಟ್ಟುಕೊಂಡರೆ 288 ಅದರ ಒಂಬತ್ತು-ಎಂಟಾಂಶ, 320 ಐದು-ನಾಲ್ಕಾಂಶ, 384 ಮೂರು-ಎರಡಾಂಶ, ಅಂದರೆ ಪಂಚಮ. 512 ಮೇಲಿನ ಷಡ್ಜ. ಸಂಗೀತ ಬಲ್ಲವರಿಗೆ ಶಂಕರಾಭರಣದ ಆರೋಹಣ ಕೇಳಿಸುತ್ತದೆ. ಆದರೆ ಒಂದು ಎಚ್ಚರಿಕೆ. ಶಾಲೆಯಲ್ಲಿರುವ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ಬಿಳಿ ಒಂದಕ್ಕೆ ಇಟ್ಟು 256ರ ಫೋರ್ಕ್ ಜೊತೆ ಹೋಲಿಸಿದರೆ ಎರಡೂ ಸೇರುವುದಿಲ್ಲ. ವಾದ್ಯಗಳ ಬಿಳಿ ಒಂದು 261.6 ಹರ್ಟ್ಜ್, ಲ್ಯಾಬಿನದು 256. ಎರಡರ ನಡುವೆ ಸೆಕೆಂಡಿಗೆ ಐದಾರು ಬಾರಿ ಏರಿಳಿಯುವ ಬೀಟ್ಸ್ ಕೇಳಿಸುತ್ತದೆ. ಮಕ್ಕಳು ಫೋರ್ಕ್ ಕೆಟ್ಟಿದೆ ಎಂದು ತಿಳಿಯುತ್ತಾರೆ. ಕೆಟ್ಟಿಲ್ಲ, ಎರಡರ ಅಳತೆಗೋಲೇ ಬೇರೆ. ನಿಜ ಹೇಳಬೇಕೆಂದರೆ ಬೀಟ್ಸ್ ತೋರಿಸಲು ಇದಕ್ಕಿಂತ ಸುಲಭದ ಜೋಡಿ ಬೇಕಿಲ್ಲ.

ಈ ಸೆಟ್‌ನ ಫೋರ್ಕ್‌ಗಳು ಉಕ್ಕಿನವು, ಮೇಲೆ ನೀಲಿ-ಕಪ್ಪು ಬಣ್ಣದ ತೆಳು ಪದರ. ಇದೇ ಬೆಲೆಗೆ ಅಲ್ಯೂಮಿನಿಯಂ ಫೋರ್ಕ್ ಕೂಡ ಸಿಗುತ್ತದೆ. ಅದು ತುಕ್ಕು ಹಿಡಿಯುವುದಿಲ್ಲ, ಬಡಿದ ತಕ್ಷಣ ಸದ್ದೂ ಜೋರು. ಆದರೆ ಹಗುರವಾದ್ದರಿಂದ ಬೇಗ ಅಡಗುತ್ತದೆ. ಟ್ಯೂಬಿನ ಪ್ರಯೋಗದಲ್ಲಿ ನೀರಿನ ಮಟ್ಟ ಇಳಿಸುತ್ತ ಕಿವಿಗೊಟ್ಟು ಕೂರಬೇಕಾದಾಗ ಈ ಬೇಗ ಅಡಗುವ ಗುಣ ತೊಂದರೆ ಕೊಡುತ್ತದೆ, ಮತ್ತೆ ಮತ್ತೆ ಬಡಿಯಬೇಕು. ಕಡಲಿಗೆ ತೀರ ಹತ್ತಿರವಿದ್ದು ಸಾಮಾನಿನ ಮೇಲೆ ನಿಗಾ ಇಡಲು ಜನ ಇಲ್ಲದ ಶಾಲೆಗೆ ಅಲ್ಯೂಮಿನಿಯಂ. ಉಳಿದವರಿಗೆ ಉಕ್ಕು.

ಉಕ್ಕಿನ ಫೋರ್ಕ್‌ಗೆ ತುಕ್ಕು ಹತ್ತಿದರೆ ಏನಾಗುತ್ತದೆ ಎಂಬುದರಲ್ಲಿ ಸ್ವಾರಸ್ಯವಿದೆ. ಫೋರ್ಕ್‌ನ ಕಂಪನದ ವೇಗವನ್ನು ಎರಡು ಸಂಗತಿ ತೀರ್ಮಾನಿಸುತ್ತವೆ: ಬುಡದ ಬಿಗುವು ಮತ್ತು ತುದಿಯ ಭಾರ. ಬಾಗುವುದು ಮುಖ್ಯವಾಗಿ ಬುಡದಲ್ಲಿ, ಓಲಾಡುವುದು ತುದಿ. ಆದ್ದರಿಂದ ತುದಿಯಲ್ಲಿ ಲೋಹ ಕಡಿಮೆಯಾದರೆ ಆವೃತ್ತಿ ಏರುತ್ತದೆ, ಬುಡದಲ್ಲಿ ಕಡಿಮೆಯಾದರೆ ಇಳಿಯುತ್ತದೆ. ಅಟೆಂಡರ್ ಕೈಗೆ ಪಾಲಿಶ್ ಪೇಪರ್ ಕೊಟ್ಟು ಫೋರ್ಕ್ ಉಜ್ಜಿಸುವ ಪದ್ಧತಿ ಅಲ್ಲಲ್ಲಿ ಇದೆ. ದಯವಿಟ್ಟು ಬೇಡ. ಎರಡು ಕವಲುಗಳ ಒಳಬದಿಯಲ್ಲಿ, ಬುಡ ಸೇರುವ ಜಾಗದಲ್ಲಿ ಉಜ್ಜಿದರೆ ಹೆಚ್ಚು ಹಾನಿ. ಒಂದೇ ಕವಲನ್ನು ಉಜ್ಜಿದರೆ ಇನ್ನೂ ಕೆಟ್ಟದು. ಎರಡು ಕವಲುಗಳೂ ಸಮವಾಗಿ ಎದುರುಬದುರು ಓಲಾಡುವುದರಿಂದಲೇ ಹಿಡಿ ಹೆಚ್ಚು ಅಲುಗದೆ ಇರುತ್ತದೆ. ಸಮತೋಲ ತಪ್ಪಿದರೆ ಶಕ್ತಿ ಹಿಡಿಯ ಮೂಲಕ ನಿಮ್ಮ ಕೈಗೆ ಸೋರಿ ಸದ್ದು ಬೇಗ ಸಾಯುತ್ತದೆ. ಬಡಿದು ಹಿಡಿದಾಗ ಬೆರಳಿಗೆ ಜೋರಾಗಿ ಜುಮ್ ಅನಿಸುವ ಫೋರ್ಕ್ ಇದ್ದರೆ ಅದು ಸಮವಿಲ್ಲ ಎಂದೇ ಅರ್ಥ, ಅಂಥದ್ದನ್ನು ಬದಲಿಸಿಕೊಡಲು ಕೇಳಿ. ತುಕ್ಕಿಗೆ ಮದ್ದು ಉಜ್ಜುವುದಲ್ಲ, ಹತ್ತದಂತೆ ನೋಡಿಕೊಳ್ಳುವುದು. ಬಳಸಿದ ಮೇಲೆ ಒಣಬಟ್ಟೆಯಿಂದ ಬೆವರು ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ತೆಳ್ಳಗೆ ಸವರಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಮುಚ್ಚಳದ ಡಬ್ಬಿಯಲ್ಲಿಡಿ. ಸೆಟ್ ಜೊತೆ ಬರುವ ಮಖಮಲ್ ಪೆಟ್ಟಿಗೆ ನೋಡಲು ಚೆಂದ, ಆದರೆ ಆಷಾಢದಲ್ಲಿ ಆ ಮಖಮಲ್ ತೇವ ಹೀರಿ ಫೋರ್ಕ್‌ಗೆ ಒತ್ತಿಕೊಂಡೇ ಇರುತ್ತದೆ. ಬೂಷ್ಟು, ತುಕ್ಕು ಎರಡಕ್ಕೂ ಅದೇ ಮನೆ.

ಅಚ್ಚೊತ್ತಿದ ಸಂಖ್ಯೆ ಸರಿಯೇ? ಎಂಟರಲ್ಲಿ ಹೆಚ್ಚಿನವು ಅರ್ಧ ಹರ್ಟ್ಜ್ ಒಳಗೇ ಇವೆ. 320 ಎಂದಿರುವುದು ಮಾತ್ರ 318ರ ಬಳಿ ಇದೆ. ಇದನ್ನು ಪರೀಕ್ಷಿಸಲು ಜರ್ಮನಿಯ ಆಚೆನ್ ನಗರದ ಆರ್‌ಡಬ್ಲ್ಯುಟಿಎಚ್ ವಿಶ್ವವಿದ್ಯಾಲಯದವರು 2016ರಲ್ಲಿ ಹೊರತಂದ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಸಾಕು. ಅದರ ಟೋನ್ ಜನರೇಟರ್‌ನಲ್ಲಿ 320 ಹಾಕಿ, ಫೋರ್ಕ್ ಬಡಿದು ಫೋನಿನ ಸ್ಪೀಕರ್ ಹತ್ತಿರ ಹಿಡಿಯಿರಿ. ಸೆಕೆಂಡಿಗೆ ಎರಡು ಬೀಟ್ಸ್ ಬಂದರೆ ಫೋರ್ಕ್ 318 ಅಥವಾ 322. ಯಾವುದು? ಕವಲಿನ ತುದಿಗೆ ಜೇನುಮೇಣದ ಸಣ್ಣ ಚೂರು ಅಂಟಿಸಿ. ಮೇಣ ಆವೃತ್ತಿಯನ್ನು ತಗ್ಗಿಸುತ್ತದೆ. ಬೀಟ್ಸ್ ಇನ್ನೂ ಚುರುಕಾದರೆ ಫೋರ್ಕ್ ಮೊದಲೇ ತಗ್ಗಿತ್ತು, ನಿಧಾನವಾದರೆ ಏರಿತ್ತು. ಫೋನಿನ ಗಡಿಯಾರದ ಹರಳು ಸಾವಿರಕ್ಕೆ ಒಂದರಷ್ಟೂ ತಪ್ಪುವುದಿಲ್ಲವಾದ್ದರಿಂದ ಇಲ್ಲಿ ಫೋನನ್ನೇ ನಂಬಬಹುದು. ಹವೆಯ ಬಿಸಿಗೆ ಫೋರ್ಕ್ ಬದಲಾಗುವುದು ಬಹಳ ಕಡಿಮೆ. ಒಂದು ಡಿಗ್ರಿ ಏರಿದರೆ ಉಕ್ಕಿನ ಫೋರ್ಕ್ ಹತ್ತುಸಾವಿರಕ್ಕೆ ಒಂದರಷ್ಟು ತಗ್ಗುತ್ತದೆ, 512ಕ್ಕೆ ಇದು 0.05 ಹರ್ಟ್ಜ್. ಹಾಗಾಗಿ ಸೆಖೆಯ ಮೇಲೆ ತಪ್ಪು ಹೊರಿಸುವಂತಿಲ್ಲ.

ಒಂದು ತೊಡಕು: ಕೆಲವು ಫೋನ್‌ಗಳು ಒಂದೇ ಸಮನೆ ಬರುವ ಸ್ವರವನ್ನು ಫ್ಯಾನಿನ ಗದ್ದಲವೆಂದು ಎಣಿಸಿ ಮೈಕ್‌ನಲ್ಲೇ ಅದುಮಿಬಿಡುತ್ತವೆ. ಪರದೆಯ ಮೇಲೆ ಅಲೆ ಮೊದಲು ದೊಡ್ಡದಾಗಿ ಕಂಡು ಎರಡು ಸೆಕೆಂಡಿನಲ್ಲಿ ಮಾಯವಾದರೆ ಇದೇ ಕಾರಣ. ಬೇರೆ ಫೋನ್ ಹಿಡಿಯಿರಿ. ಚಿಕ್ಕ ಸ್ಪೀಕರ್‌ಗಳಿಗೆ 256 ಹೊರಡಿಸುವುದೂ ಕಷ್ಟ. ಆಗ ಕಿವಿಗೆ ಕೇಳುವುದು ಅದರ ದುಪ್ಪಟ್ಟಿನ ಸ್ವರ.

ರಬ್ಬರ್ ಸುತ್ತಿಗೆ ಬಳಸುವುದು ಅಲಂಕಾರಕ್ಕಲ್ಲ. ಬೆಂಚಿನ ಅಂಚಿಗೆ ಬಡಿದರೆ ಮೂಲ ಸ್ವರದ 6.27 ಪಟ್ಟು ಆವೃತ್ತಿಯ ಕೀರಲು ಸದ್ದೂ ಏಳುತ್ತದೆ. 256ರ ಫೋರ್ಕ್‌ನಲ್ಲಿ ಇದು ಸುಮಾರು 1605 ಹರ್ಟ್ಜ್. ಫೋನ್ ತಪ್ಪು ಓದಲು ಇದೂ ಒಂದು ಕಾರಣ. ತುದಿಯಿಂದ ಮೂರನೇ ಒಂದು ಭಾಗ ಕೆಳಗೆ ಮೆತ್ತಗೆ ಬಡಿದು, ಕೀರಲು ಸದ್ದು ಅಡಗಲು ಎರಡು ಸೆಕೆಂಡ್ ಬಿಟ್ಟು ಆಮೇಲೆ ಅಳೆಯಿರಿ. ಸುತ್ತಿಗೆಯ ರಬ್ಬರ್ ಗಟ್ಟಿಯಾಗಿದ್ದರೆ ಅಂಗೈಯ ಬುಡಕ್ಕೆ ಬಡಿದರೂ ಆದೀತು.

ಈಗ ಟ್ಯೂಬ್. ಈ ಸೆಟ್‌ನಲ್ಲಿ ಹೆಚ್ಚು ಮೆಚ್ಚಿಗೆಯಾದದ್ದೂ ಇದೇ, ಹೆಚ್ಚು ಎಚ್ಚರ ಬೇಕಾದದ್ದೂ ಇದೇ. ಗಾಜು ನೆಟ್ಟಗಿದೆ, ಒಳವ್ಯಾಸ ವರ್ನಿಯರ್ ಅಳತೆಯಲ್ಲಿ 3 ಸೆಂ.ಮೀ., ಉದ್ದ ಒಂದು ಮೀಟರ್. ಪಕ್ಕದಲ್ಲಿ ನೀರಿನ ಡಬ್ಬಿ, ಎರಡನ್ನೂ ಕೂಡಿಸುವ ರಬ್ಬರ್ ಕೊಳವೆ. ಡಬ್ಬಿ ಏರಿಸಿದರೆ ಟ್ಯೂಬಿನೊಳಗೆ ನೀರು ಏರುತ್ತದೆ, ಇಳಿಸಿದರೆ ಇಳಿಯುತ್ತದೆ. ನೀರಿನ ಮೇಲಿರುವ ಗಾಳಿಯ ಕಂಬ ತರಂಗದೂರದ ಕಾಲು ಭಾಗಕ್ಕೆ ಸಮವಾದಾಗ ಫೋರ್ಕ್‌ನ ಸದ್ದಿಗೆ ಕಂಬ ಅನುನಾದಗೊಂಡು ಗಟ್ಟಿಯಾಗಿ ಮೊರೆಯುತ್ತದೆ. ಮುಕ್ಕಾಲು ಭಾಗದಲ್ಲಿ ಮತ್ತೊಮ್ಮೆ.

ಸೂಚನೆಯ ಹಾಳೆ 256ರ ಫೋರ್ಕ್‌ನಿಂದ ಎರಡೂ ಅನುನಾದ ಹುಡುಕಿ ಎನ್ನುತ್ತದೆ. ಕಾರವಾರದಲ್ಲಿ ಅದು ಸಿಗುವುದಿಲ್ಲ. ಲೆಕ್ಕ ಹಾಕಿ ನೋಡಿ. 0 ಡಿಗ್ರಿಯ ಒಣಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 331.3 ಮೀಟರ್. ಪ್ರತಿ ಡಿಗ್ರಿಗೆ ಸುಮಾರು 0.6 ಮೀಟರ್ ಏರಿಕೆ. 30 ಡಿಗ್ರಿಯಲ್ಲಿ 349. ಟ್ಯೂಬಿನೊಳಗೆ ನೀರಿನ ಮೇಲಿನ ಗಾಳಿ ಆವಿಯಿಂದ ತುಂಬಿರುತ್ತದೆ. ನೀರಾವಿ ಗಾಳಿಗಿಂತ ಹಗುರವಾದ್ದರಿಂದ ಇನ್ನೂ ಒಂದೂವರೆ-ಎರಡು ಮೀಟರ್ ಸೇರಿಸಿ, 351 ಎನ್ನೋಣ. 256ಕ್ಕೆ ತರಂಗದೂರ 137 ಸೆಂ.ಮೀ. ಅದರ ಮುಕ್ಕಾಲು 102.8 ಸೆಂ.ಮೀ. ಕಂಬದ ಬಾಯಿಯ ಹೊರಗೂ ಸ್ವಲ್ಪ ಗಾಳಿ ಸೇರಿ ಕಂಪಿಸುವುದರಿಂದ ಒಳವ್ಯಾಸದ 0.3 ಪಟ್ಟು, ಇಲ್ಲಿ 0.9 ಸೆಂ.ಮೀ., ಕಳೆಯಬೇಕು. ಉಳಿದದ್ದು 101.9. ಟ್ಯೂಬ್ ಇರುವುದೇ ನೂರು. 15 ಡಿಗ್ರಿಯ ಕೋಣೆಯಲ್ಲಿ ಇದೇ ಲೆಕ್ಕ 99 ಸೆಂ.ಮೀ. ಹತ್ತಿರ ಬಂದು, ಕೊಳವೆಯ ತಳದಲ್ಲಿ ಹೇಗೋ ಸಿಗುತ್ತದೆ. ಹಾಳೆ ಬರೆದವರು ಚಳಿಗಾಲದಲ್ಲಿ ಬರೆದಿರಬೇಕು. ಶಿರಸಿಯಲ್ಲಿ ಜನವರಿಯ ಬೆಳಗ್ಗೆ ಪ್ರಯತ್ನಿಸಿದರೆ ಅಂಚಿನಲ್ಲಿ ಕೇಳಿಸಬಹುದು, ಮಧ್ಯಾಹ್ನಕ್ಕೆ ಅದೂ ಇಲ್ಲ. ಶಿರಸಿ ಘಟ್ಟದ ಮೇಲಿದೆ, ಗಾಳಿಯ ಒತ್ತಡ ಕಡಿಮೆ, ಅದಕ್ಕೆ ವೇಗವೂ ಕಡಿಮೆ ಎಂದು ಕೆಲವರು ವಿವರಿಸುತ್ತಾರೆ. ಅದು ತಪ್ಪು. ಒತ್ತಡ ಇಳಿದಂತೆ ಸಾಂದ್ರತೆಯೂ ಅದೇ ಪ್ರಮಾಣದಲ್ಲಿ ಇಳಿಯುವುದರಿಂದ ವೇಗ ಬದಲಾಗದು. ಬದಲಿಸುವುದು ಶಿರಸಿಯ ಚಳಿ.

ಆದ್ದರಿಂದ ನಮ್ಮ ಕಡೆ 256ನ್ನು ಪಕ್ಕಕ್ಕಿಟ್ಟು 512, 480, 384 ಬಳಸಿ. 512ಕ್ಕೆ 30 ಡಿಗ್ರಿಯಲ್ಲಿ ಮೊದಲ ಅನುನಾದ 16.2 ಸೆಂ.ಮೀ.ಯಲ್ಲಿ, ಎರಡನೆಯದು 50.5ರಲ್ಲಿ ಬರಬೇಕು. ಎರಡರ ವ್ಯತ್ಯಾಸ 34.3 ಸೆಂ.ಮೀ. ಅದನ್ನು ಎರಡರಿಂದ, ಆಮೇಲೆ 512ರಿಂದ ಗುಣಿಸಿದರೆ 351 ಮೀಟರ್. ವ್ಯತ್ಯಾಸ ತೆಗೆದಾಗ ಬಾಯಿಯ ತಿದ್ದುಪಡಿ ತಾನೇ ಕಳೆದುಹೋಗುತ್ತದೆ. ಎರಡು ಅನುನಾದ ಹುಡುಕುವುದರ ಉದ್ದೇಶವೇ ಇದು.

ಇಲ್ಲೊಂದು ದೊಡ್ಡ ಮೋಸ ಕಾದಿದೆ. ಬೇಗ ಮುಗಿಸುವ ಆತುರಕ್ಕೆ ಮೊದಲ ಅನುನಾದವನ್ನು ಮಾತ್ರ ತೆಗೆದುಕೊಂಡು, ತಿದ್ದುಪಡಿ ಬಿಟ್ಟು, 16.2ನ್ನು ನಾಲ್ಕರಿಂದ ಗುಣಿಸಿ 512ರಿಂದ ಗುಣಿಸಿದರೆ ಉತ್ತರ 331.8. ಪುಸ್ತಕದಲ್ಲಿರುವ 332ಕ್ಕೆ ಹೆಚ್ಚುಕಡಿಮೆ ಅಷ್ಟೇ! ರೆಕಾರ್ಡ್ ಪುಸ್ತಕದಲ್ಲಿ ಪೂರ್ತಿ ಅಂಕ ಸಿಗುತ್ತದೆ. ಆದರೆ ಪುಸ್ತಕದ 332 ಮಂಜುಗಡ್ಡೆಯ ತಂಪಿಗೆ ಸೇರಿದ್ದು, ಕಾರವಾರದ ಏಪ್ರಿಲ್‌ಗಲ್ಲ. ತಿದ್ದುಪಡಿ ಮರೆತ ತಪ್ಪೂ ಉಷ್ಣತೆ ಮರೆತ ತಪ್ಪೂ ಇಲ್ಲಿ ಒಂದನ್ನೊಂದು ಮುಚ್ಚಿಹಾಕಿವೆ. 332 ಬರೆದ ವಿದ್ಯಾರ್ಥಿಗೆ ಶಹಭಾಸ್ ಅನ್ನುವ ಮೊದಲು ಎರಡನೇ ಅನುನಾದ ಎಲ್ಲಿ ಎಂದು ಕೇಳಬೇಕು. 351 ಬಂದವರು 0 ಡಿಗ್ರಿಗೆ ಇಳಿಸಿ ಬರೆದರೆ 333 ಬರುತ್ತದೆ. 331.3ಕ್ಕಿಂತ ಹೆಚ್ಚಾಗಿ ಉಳಿದ ಒಂದೂವರೆ ಮೀಟರ್ ಚಿಲ್ಲರೆ ನೀರಾವಿಯದು. ಇಷ್ಟು ಸ್ವಚ್ಛವಾಗಿ ನೀರಾವಿಯ ಪರಿಣಾಮ ಕಾಣಲು ನಮ್ಮ ಕರಾವಳಿಗಿಂತ ಒಳ್ಳೆಯ ಜಾಗ ಬೇಕಿಲ್ಲ.

ಕೈಚಳಕದ ಕೆಲವು ಮಾತು. ಫೋರ್ಕ್‌ನ ಎರಡು ಕವಲುಗಳು ಒಂದರ ಮೇಲೊಂದು ಬರುವಂತೆ ಅಡ್ಡ ಹಿಡಿಯಬೇಕು, ಬಾಯಿಯಿಂದ ಒಂದು ಸೆಂ.ಮೀ. ಮೇಲೆ. ಓರೆಯಾಗಿ ಹಿಡಿದರೆ ಎರಡು ಕವಲುಗಳ ಸದ್ದು ಒಂದನ್ನೊಂದು ಅಳಿಸುವ ದಿಕ್ಕು ಕೊಳವೆಯ ಬಾಯಿಗೇ ಬಂದುಬಿಡುತ್ತದೆ. ಫೋರ್ಕ್ ಬಡಿದು ಕಿವಿಯ ಬಳಿ ಮೆಲ್ಲನೆ ತಿರುಗಿಸಿ ನೋಡಿ, ಒಂದು ಸುತ್ತು ತಿರುಗುವಷ್ಟರಲ್ಲಿ ನಾಲ್ಕು ಸಲ ಸದ್ದು ಅಡಗುತ್ತದೆ, ಅದೇ ಇದು. ಗಾಜಿಗೆ ತಾಗಿಸಬೇಡಿ, ಕಂಪಿಸುವ ಉಕ್ಕು ಅಂಚನ್ನು ಚಕ್ಕೆ ಎಬ್ಬಿಸುತ್ತದೆ. ನೀರನ್ನು ಮೇಲಿನಿಂದ ಇಳಿಸುತ್ತ ಒಮ್ಮೆ, ಕೆಳಗಿನಿಂದ ಏರಿಸುತ್ತ ಒಮ್ಮೆ ಗುರುತು ಹಾಕಿ ಸರಾಸರಿ ತೆಗೆಯಿರಿ, ಏಕೆಂದರೆ ಸದ್ದು ಗಟ್ಟಿಯಾಗುವ ಜಾಗ ಐದು ಮಿ.ಮೀ. ಅಗಲ ಹರಡಿರುತ್ತದೆ. ಫ್ಯಾನ್ ನಿಲ್ಲಿಸಿ. ಥರ್ಮಾಮೀಟರನ್ನು ಗೋಡೆಯಲ್ಲಿ ನೋಡದೆ ದಾರಕಟ್ಟಿ ಟ್ಯೂಬಿನೊಳಗೇ ಇಳಿಬಿಡಿ. ಬಾವಿಯಿಂದ ಆಗಷ್ಟೇ ಸೇದಿದ ನೀರು ಹಾಕಿದರೆ ಒಳಗಿನ ಗಾಳಿ ಕೋಣೆಗಿಂತ ಎರಡು-ಮೂರು ಡಿಗ್ರಿ ತಂಪಾಗಿರುತ್ತದೆ, ಉತ್ತರದಲ್ಲಿ ಒಂದೂವರೆ ಮೀಟರ್ ಅಲ್ಲೇ ಹೋಯಿತು. ರಾತ್ರಿಯೇ ತುಂಬಿಸಿಟ್ಟ ನೀರು ಒಳ್ಳೆಯದು, ಪ್ರಯೋಗ ಮುಗಿದ ಮೇಲೆ ಅದನ್ನು ಚೆಲ್ಲಿಬಿಡಿ, ಇಲ್ಲದಿದ್ದರೆ ವಾರದಲ್ಲಿ ಪಾಚಿ.

ಟ್ಯೂಬಿನ ದೋಷ ಎರಡು. ಅಂಟಿಸಿದ ಕಾಗದದ ಅಳತೆಪಟ್ಟಿ ಮೊದಲ ಮಳೆಗಾಲದಲ್ಲೇ ಎದ್ದುಬರುತ್ತದೆ. ದರ್ಜಿಯ ಟೇಪ್ ಹಚ್ಚುವವರಿದ್ದಾರೆ, ಅದು ಹಿಗ್ಗುತ್ತದೆ. ಸ್ಟೀಲ್ ಸ್ಕೇಲನ್ನು ಪಕ್ಕದಲ್ಲಿ ಕಟ್ಟುವುದೇ ಸರಿ, ಸೊನ್ನೆ ಗಾಜಿನ ಅಂಚಿಗೆ ಸರಿಯಾಗಿ ಕೂರಲಿ. ರಬ್ಬರ್ ಕೊಳವೆ ಒಂದೆರಡು ವರ್ಷದಲ್ಲಿ ಬಿರಿಯುತ್ತದೆ. ಪೈಪ್ ಅಂಗಡಿಯಲ್ಲಿ ಸಿಗುವ ಪಾರದರ್ಶಕ ಪ್ಲಾಸ್ಟಿಕ್ ನಳಿಗೆ ಹಾಕಿ, ಎರಡೂ ತುದಿಗೆ ಸ್ಟೇನ್‌ಲೆಸ್ ಕ್ಲಿಪ್ ಬಿಗಿದರೆ ಆ ಚಿಂತೆ ಮುಗಿಯಿತು.

ಸೋನೋಮೀಟರ್‌ಗೆ ಬರೋಣ. ತತ್ತ್ವ ಸರಳ: ತಂತಿಯ ಆವೃತ್ತಿ ಉದ್ದಕ್ಕೆ ವಿಲೋಮ, ಎಳೆತದ ವರ್ಗಮೂಲಕ್ಕೆ ಅನುಲೋಮ, ಮೀಟರಿಗೆ ಎಷ್ಟು ತೂಕ ಎಂಬುದರ ವರ್ಗಮೂಲಕ್ಕೆ ವಿಲೋಮ. 0.5 ಮಿ.ಮೀ. ದಪ್ಪದ ಉಕ್ಕಿನ ತಂತಿ ಮೀಟರಿಗೆ 1.54 ಗ್ರಾಂ ತೂಗುತ್ತದೆ. ನಾಲ್ಕು ಕಿಲೋ ನೇತುಹಾಕಿದರೆ ತಂತಿಯ ಮೇಲೆ ಅಲೆ ಸೆಕೆಂಡಿಗೆ 159 ಮೀಟರ್ ಓಡುತ್ತದೆ. 256ರ ಫೋರ್ಕ್‌ಗೆ ಎರಡು ಕುದುರೆಗಳ (ತಂತಿಯನ್ನು ಎತ್ತಿಹಿಡಿಯುವ ಆಸರೆಗಳ) ನಡುವೆ 31.1 ಸೆಂ.ಮೀ., 512ಕ್ಕೆ ಸರಿಯಾಗಿ ಅದರ ಅರ್ಧ ಬರಬೇಕು. ಫೋರ್ಕ್‌ನ ಹಿಡಿಯನ್ನು ಪೆಟ್ಟಿಗೆಯ ಮೇಲಿಟ್ಟಾಗ ತಂತಿಯ ನಡುವೆ ಕೂರಿಸಿದ ಕಾಗದದ ಚೂರು ಹಾರಿಬೀಳಬೇಕು.

ಈ ಸೆಟ್‌ನಲ್ಲಿ ಅನುಪಾತ ಸರಿ ಬರುತ್ತದೆ, ನಿಜ ಬೆಲೆ ಬರುವುದಿಲ್ಲ. ಮೊದಲ ಕಾರಣ ರಾಟೆ. ಕಬ್ಬಿಣದ ಅಚ್ಚಿನ ಮೇಲೆ ತಿರುಗುವ ಈ ರಾಟೆ ಉಪ್ಪುಗಾಳಿಗೆ ಬೇಗ ಕಚ್ಚಿಕೊಳ್ಳುತ್ತದೆ. ನೇತಾಡುವುದು ನಾಲ್ಕು ಕಿಲೋ ಆದರೂ ತಂತಿಗೆ ತಲುಪುವುದು ನೂರಕ್ಕೆ ಐದು ಕಡಿಮೆ ಇರಬಹುದು. ಆಗ 31.1ರ ಬದಲು 30.3 ಸೆಂ.ಮೀ. ಇದನ್ನು ಪತ್ತೆ ಮಾಡುವ ದಾರಿ ಸುಲಭ. ತೂಕವನ್ನು ಕೈಯಿಂದ ಸ್ವಲ್ಪ ಎತ್ತಿ ಮೆಲ್ಲಗೆ ಬಿಟ್ಟು ಒಮ್ಮೆ ಅಳೆಯಿರಿ, ಸ್ವಲ್ಪ ಕೆಳಗೆ ಎಳೆದು ಮೆಲ್ಲಗೆ ಬಿಟ್ಟು ಇನ್ನೊಮ್ಮೆ. ಎರಡರಲ್ಲಿ ಉದ್ದ ಬೇರೆ ಬಂದರೆ ಘರ್ಷಣೆ ಇದೆ, ಎರಡರ ಸರಾಸರಿ ಸತ್ಯಕ್ಕೆ ಹತ್ತಿರ. ಕಾಯಂ ಪರಿಹಾರವೆಂದರೆ ಗ್ಯಾರೇಜಿನಲ್ಲಿ ಸಿಗುವ ಸಣ್ಣ ಬಾಲ್ ಬೇರಿಂಗನ್ನು ಹಿತ್ತಾಳೆಯ ರಾಟೆಗೆ ಕೂರಿಸುವುದು.

ಎರಡನೆಯ ಕಾರಣ ತಂತಿ. ಜೊತೆಗೆ ಕೊಟ್ಟದ್ದು 0.5 ಎಂದು ಬರೆದಿದ್ದರೂ ಸ್ಕ್ರೂ ಗೇಜ್‌ನಲ್ಲಿ 0.46. ಕೇಳಲು ಸಣ್ಣ ವ್ಯತ್ಯಾಸ, ಆದರೆ ಮೀಟರಿನ ತೂಕ 1.54 ಗ್ರಾಂನಿಂದ 1.3ಕ್ಕೆ ಇಳಿದು ಉದ್ದ ನೂರಕ್ಕೆ ಒಂಬತ್ತರಷ್ಟು ಏರುತ್ತದೆ. ಹಾಗಾಗಿ ದಪ್ಪ ನಂಬಬೇಡಿ, ಒಂದು ಮೀಟರ್ ಕತ್ತರಿಸಿ ಚಿನ್ನದಂಗಡಿಯ ತಕ್ಕಡಿಯಲ್ಲಿ ತೂಗಿಸಿ. ತೂಕದ ಬಟ್ಟುಗಳನ್ನೂ ಒಮ್ಮೆ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಗೆ ಹಾಕಿ ನೋಡಿ. ಹ್ಯಾಂಗರ್‌ನ ಸ್ವಂತ ಭಾರ ಸೇರಿಸಲು ಮರೆಯುವುದು ಎಲ್ಲ ಲ್ಯಾಬಿನಲ್ಲೂ ನಡೆಯುವ ತಪ್ಪು. ತಂತಿ ತುಕ್ಕು ಹಿಡಿದರೆ ಉದ್ದಕ್ಕೂ ಒಂದೇ ಸಮ ಇರುವುದಿಲ್ಲ, ಆಗ ಅನುಪಾತವೂ ಕೆಡುತ್ತದೆ. ಕುದುರೆಯ ಮೇಲೆ ಕೂರುವ ಜಾಗದಲ್ಲೇ ಮೊದಲು ತುಕ್ಕು ತಿಂದು, ಐದಾರು ಕಿಲೋ ಹಾಕಿದಾಗ ಅಲ್ಲೇ ಪಟ್ಟನೆ ಕಡಿಯುತ್ತದೆ. ಕನ್ನಡಕ ಹಾಕಿಸಿ, ಕೆಳಗೆ ಮರಳಿನ ತಟ್ಟೆ ಇಡಿ, ಕಾಲು ದೂರ ಇರಲಿ. ಬದಲಿಗೆ ಹಾಕಲು ವಾದ್ಯದಂಗಡಿಯ ಉಕ್ಕಿನ ತಂತಿ ಒಳ್ಳೆಯದು.

ಮೂರನೆಯದು ಪೆಟ್ಟಿಗೆ. ಪ್ಲೈವುಡ್‌ನದು, ಮಳೆಗಾಲದಲ್ಲಿ ಪದರ ಬಿಡುತ್ತದೆ. ಬಿಟ್ಟ ಪದರ ಫೋರ್ಕ್‌ನ ಕಂಪನವನ್ನು ತಂತಿಗೆ ಮುಟ್ಟಿಸದೆ ತಾನೇ ನುಂಗುತ್ತದೆ, ಕಾಗದದ ಚೂರು ಕದಲುವುದಿಲ್ಲ. ಮಕ್ಕಳು ಉದ್ದ ಬದಲಿಸಿ ಬದಲಿಸಿ ಸುಸ್ತಾಗುತ್ತಾರೆ. ಊರಿನ ಆಚಾರಿ ಹಲಸಿನ ಒಣಹಲಗೆಯಲ್ಲಿ ಮೀಟರ್ ಉದ್ದದ ಪೆಟ್ಟಿಗೆ ಮಾಡಿಕೊಟ್ಟರೆ ಇದಕ್ಕಿಂತ ಬಾಳುತ್ತದೆ. ಹಲಸು ಯಾಕೆ ಎಂದು ಮದ್ದಳೆ ಮಾಡುವವರನ್ನು ಕೇಳಬೇಕಿಲ್ಲ. ಮೇಲಿನ ಹಲಗೆ ತೆಳ್ಳಗೆ, ಬದಿಗಳಲ್ಲಿ ಎರಡು-ಮೂರು ರಂಧ್ರ ಇರಲಿ.

ಸ್ಲಿಂಕಿ ಬಗ್ಗೆ ಹೇಳುವುದು ಕಡಿಮೆ. ಉಕ್ಕಿನದಾಗಿರಲಿ, ಪ್ಲಾಸ್ಟಿಕ್‌ನದು ಅಲೆಯನ್ನು ಬೇಗ ಸಾಯಿಸುತ್ತದೆ. ನುಣುಪು ನೆಲದ ಮೇಲೆ ಮೂರು ಮೀಟರ್ ಎಳೆದು ನೀಳ ತರಂಗ, ಅಡ್ಡ ತರಂಗ ಎರಡನ್ನೂ ತೋರಿಸಬಹುದು. ಒಮ್ಮೆ ಸಿಕ್ಕುಬಿದ್ದರೆ ಬಿಡಿಸುವ ಗೋಜಿಗೆ ಹೋಗದಿರುವುದೇ ವಾಸಿ.

ಸೆಟ್‌ನಲ್ಲಿ ಇಲ್ಲದ, ಆದರೆ ಫೋನಿನಿಂದ ಪುಕ್ಕಟೆ ಆಗುವ ಎರಡು ಕೆಲಸ ಹೇಳಲೇಬೇಕು. ಒಂದು, ಶಬ್ದದ ವೇಗವನ್ನು ನೇರವಾಗಿ ಅಳೆಯುವುದು. ಫೈಫಾಕ್ಸ್‌ನ ಶಬ್ದ ಕೇಳಿ ಓಡುವ ಸ್ಟಾಪ್‌ವಾಚನ್ನು ಎರಡು ಫೋನ್‌ಗಳಲ್ಲಿ ತೆರೆದು, 20 ಮೀಟರ್ ದೂರದಲ್ಲಿಡಿ. ಮೊದಲ ಫೋನಿನ ಪಕ್ಕ ಒಬ್ಬರು ಚಪ್ಪಾಳೆ ತಟ್ಟಲಿ, ಎರಡೂ ಗಡಿಯಾರ ಓಡುತ್ತವೆ. ಆಮೇಲೆ ಎರಡನೆಯದರ ಪಕ್ಕ ಇನ್ನೊಬ್ಬರು ತಟ್ಟಲಿ, ಎರಡೂ ನಿಲ್ಲುತ್ತವೆ. ಎರಡು ಓದಿನ ವ್ಯತ್ಯಾಸವೆಂದರೆ ಶಬ್ದ 40 ಮೀಟರ್ ಕ್ರಮಿಸಿದ ಸಮಯ, ಸುಮಾರು 0.114 ಸೆಕೆಂಡ್. ಶಬ್ದ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಹೋಗುವುದರಿಂದ ಕಡಲಗಾಳಿಯ ಪ್ರಭಾವ ಹೆಚ್ಚುಕಡಿಮೆ ಅಳಿಸಿಹೋಗುತ್ತದೆ. ಆದರೂ ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಹೋಗಬೇಡಿ, ಅಲೆಯ ಮೊರೆತಕ್ಕೇ ಗಡಿಯಾರ ಓಡತೊಡಗುತ್ತದೆ. ಶಾಲೆಯ ಮೈದಾನ, ಬೆಳಗಿನ ಹೊತ್ತು, ಹಂಚಿನ ಕಟ್ಟಡದಿಂದ ದೂರ. 5 ಮೀಟರ್‌ಗಿಂತ ಹತ್ತಿರ ಇಟ್ಟರೆ ಒಂದು ಮಿಲಿಸೆಕೆಂಡಿನ ತಪ್ಪೇ ನೂರಕ್ಕೆ ಮೂರೂವರೆಗಿಂತ ಹೆಚ್ಚಾಗುತ್ತದೆ.

ಎರಡು, ಮದ್ದಳೆ. ಉತ್ತರ ಕನ್ನಡ ಜಿಲ್ಲೆಯ ಶಾಲೆಯಲ್ಲಿ ಯಕ್ಷಗಾನದ ಆಟದ ಮದ್ದಳೆ ಒಂದಾದರೂ ಸಿಕ್ಕೀತು. ಬರೀ ಚರ್ಮವನ್ನು ಸಮವಾಗಿ ಬಿಗಿದರೆ ಅದರ ಸ್ವರಗಳು 1, 1.59, 2.14, 2.30 ಹೀಗೆ ಒಂದಕ್ಕೊಂದು ಹೊಂದದ ಅನುಪಾತದಲ್ಲಿರುತ್ತವೆ, ಅದಕ್ಕೇ ಅಂಥ ವಾದ್ಯಕ್ಕೆ ಖಚಿತ ಶ್ರುತಿ ಇರದು. ನಡುವೆ ಕರಣೆ, ಅಂದರೆ ಕಪ್ಪು ಲೇಪ, ಹಚ್ಚಿದಾಗ ಆ ಭಾರ ಸ್ವರಗಳನ್ನು ಎಳೆದು 1, 2, 3, 4, 5ರ ಸಾಲಿಗೆ ತರುತ್ತದೆ. ಮೃದಂಗದಲ್ಲಿ ಇದನ್ನು ಸಿ. ವಿ. ರಾಮನ್ ಮತ್ತು ಶಿವಕಾಳಿ ಕುಮಾರ್ 1920ರಲ್ಲಿ ತೋರಿಸಿದರು. ಆ್ಯಪ್‌ನ ಸ್ಪೆಕ್ಟ್ರಮ್ ತೆರೆದು ಮದ್ದಳೆಯ ಬಲಬದಿಗೆ ಬೇರೆ ಬೇರೆ ಪೆಟ್ಟು ಹೊಡೆದು ಶಿಖರಗಳನ್ನು ಎಣಿಸಿ, ಅನುಪಾತ ಬರೆದುಕೊಳ್ಳಿ. ಕರಣೆ ಬಿರಿದ ಮದ್ದಳೆ ಸಿಕ್ಕರೆ ಅದನ್ನೂ ಅಳೆಯಿರಿ, ಸಾಲು ಎಲ್ಲಿ ತಪ್ಪಿದೆ ಎಂದು ಕಾಣುತ್ತದೆ. ಮಳೆಗಾಲದಲ್ಲಿ ಚರ್ಮ ತೇವ ಹೀರಿ ಸಡಿಲಾಗಿ ಶ್ರುತಿ ಇಳಿದಿರುತ್ತದೆ, ಆದ್ದರಿಂದ ಒಂದೇ ದಿನದ ಓದುಗಳನ್ನು ಮಾತ್ರ ಹೋಲಿಸಿ.

ಇನ್ನು ತರಿಸುವವರಿಗೆ. ಉಕ್ಕಿನ ಎಂಟು ಫೋರ್ಕ್, ಮಖಮಲ್ ಪೆಟ್ಟಿಗೆ ಬೇಡವೆಂದು ಹೇಳಿ. 512ರದ್ದು ಎರಡು ಇರಲಿ, ಟ್ಯೂಬಿಗೂ ಬೀಟ್ಸ್‌ಗೂ ಅದೇ ಹೆಚ್ಚು ಬೇಕಾಗುವುದು. ಟ್ಯೂಬನ್ನು 110 ಸೆಂ.ಮೀ. ಉದ್ದದ್ದು ಸಿಗುತ್ತದೆಯೇ ಎಂದು ವಿಚಾರಿಸಿ, ಸಿಕ್ಕರೆ 256ರ ಎರಡನೇ ಅನುನಾದವೂ ಕಾರವಾರದಲ್ಲೇ ಕೇಳಿಸುತ್ತದೆ. ಸೋನೋಮೀಟರ್ ಕೊಳ್ಳಲೇಬೇಕೆಂದಿದ್ದರೆ ಪೆಟ್ಟಿಗೆ ಬಿಟ್ಟು ಕುದುರೆ, ಹ್ಯಾಂಗರ್, ತೂಕ ಮಾತ್ರ ಕೇಳಿ. ಕೆಲವು ಏಜೆಂಟರು ಬಿಡಿಭಾಗವೆಂದು ಕೊಡುತ್ತಾರೆ, ಬಿಲ್ಲಿನಲ್ಲಿ ಬೇರೆ ಬೇರೆ ಸಾಲಿನಲ್ಲಿ ಬರೆಸಿಕೊಳ್ಳಿ, ಇಲ್ಲದಿದ್ದರೆ ಸ್ಟಾಕ್ ಪರಿಶೀಲನೆಗೆ ಬಂದವರು ಪೆಟ್ಟಿಗೆ ಎಲ್ಲಿ ಎಂದು ಕೇಳುತ್ತಾರೆ.